ಮಗುವಿನ ಕರೆಗೆ ಓಗೊಡಿ

ಊಟ, ಬಟ್ಟೆ, ಶಾಲೆಗೆ ಕೊರತೆಯಿಲ್ಲದ ಮನೆಯಲ್ಲಿ ಮಗುವಿನ ಕಡೆಗಣನೆ ನಡೆಯದೆಂಬ ನಂಬಿಕೆಯಿದೆ. ಬಾಗ್ಮನೆ ಟೆಕ್ ಪಾರ್ಕಿನ ಪಾಳಿಗೆ ದಿನಚರಿ ಹೊಂದಿಸಿಕೊಂಡ ಬೆಂಗಳೂರಿನ ಸಿ.ವಿ. ರಾಮನ್ ನಗರದ ಪೋಷಕರು ಅದನ್ನು ನೆಚ್ಚಿಕೊಳ್ಳಬಾರದು. ತೊದಲುವ ಕೂಸು ಕಿಟಕಿಯತ್ತ ಕೈಚಾಚಿ ‘ಕಾಕಾ’ ಎಂದಾಗ ದೊಡ್ಡವರು ತಿರುಗಿ ನೋಡಿ ‘ಹೌದು ಕಂದಾ, ಕಾಗೆ’ ಎಂದರೆ, ಆ ಕೊಡುಕೊಳ್ಳುವಿಕೆಯಿಂದಲೇ ಮಿದುಳಿನ ನರಕೋಶಗಳ ನಡುವಿನ ಕೊಂಡಿಗಳು ಬಲಗೊಳ್ಳುತ್ತವೆ. ಮರುದನಿಯೇ ಬಾರದ ದಿನಗಳು ಬೆಳೆದಂತೆಲ್ಲ ಆ ಕೊಂಡಿಗಳು ಸೊರಗಿ, ಮುಂದೆ ಖಿನ್ನತೆ, ಆತಂಕಗಳ ಅಪಾಯ ಹೆಚ್ಚುತ್ತದೆ. ರುಮೇನಿಯಾದ ಬುಖಾರೆಸ್ಟಿನ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಎರಡು ವರ್ಷ ತುಂಬುವ ಮೊದಲೇ ಸಾಕುಕುಟುಂಬ ಸೇರಿದವರ ಮಿದುಳು ಹೆಚ್ಚು ಚೇತರಿಸಿಕೊಂಡಿತ್ತು. ಇದು ತೀರಾ ಕಠಿಣ ಸ್ಥಿತಿಯ ಉದಾಹರಣೆಯಾದರೂ, ತಡಮಾಡಬಾರದೆಂಬ ಎಚ್ಚರ ಎಲ್ಲ ಮನೆಗಳಿಗೂ ಸಲ್ಲುತ್ತದೆ.

ತಂಟೆಯಿಲ್ಲದ ಮಗುವೆಂದು ಹೊಗಳುವ ಮುನ್ನ, ಅದು ಕರೆಯುವುದನ್ನೇ ಬಿಟ್ಟಿದೆಯೇ ಎಂದು ನೋಡಬೇಕು. ಆಯಾಳನ್ನು ಪದೇಪದೇ ಬದಲಿಸದಿರುವುದು, ಮನೆಗೆ ಬಂದೊಡನೆ ಮೊಬೈಲನ್ನು ಬದಿಗಿಟ್ಟು ಅರ್ಧಗಂಟೆ ಮಗುವಿನ ಜೊತೆ ನೆಲದ ಮೇಲೆ ಕೂರುವುದು ಒಳಿತು. ದುಬಾರಿ ಆಟಿಕೆ ಆ ಅರ್ಧಗಂಟೆಗೆ ಸಾಟಿಯಾಗದು. ಮಗು ಮಂಕಾಗಿದ್ದರೆ, ಮಾತು ಹಿಂದುಳಿದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಮನೆಯಿಂದಲೇ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ನೆರೆಮನೆಯ ಮಗು ಆರೈಕೆಯಿಲ್ಲದೆ ಬಳಲುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲು ಹಿಂಜರಿಯಬಾರದು.