ಸಹಪಾಠಿಯ ಛಾಯಾಚಿತ್ರವನ್ನು ವಿಮರ್ಶಿಸುವ ಬಗೆ

ವಿದ್ಯಾರ್ಥಿಯೊಬ್ಬನು ತಾನು ತೆಗೆದ ಛಾಯಾಚಿತ್ರವನ್ನು ತರಗತಿಗೆ ತೋರಿಸಿದಾಗ ಉಳಿದವರಿಂದ ಸಾಮಾನ್ಯವಾಗಿ ಬರುವ ಮಾತು ಒಂದೇ: "ಚೆನ್ನಾಗಿದೆ." ಆ ಕ್ಷಣಕ್ಕೆ ಅವನಿಗೆ ಸಂತೋಷವಾಗುತ್ತದೆ, ಮುಂದಿನ ಚಿತ್ರ ತೆಗೆಯುವಾಗ ಆ ಮಾತು ನೆರವಿಗೆ ಬರುವುದಿಲ್ಲ. "ಚೆನ್ನಾಗಿಲ್ಲ" ಎಂಬುದೂ ಅಷ್ಟೇ ಬರಿದು, ಮೇಲಾಗಿ ನೋಯಿಸುವಂಥದು. ಕಂಡದ್ದನ್ನು ನಿಖರವಾಗಿ ಹೇಳಲು ಬೆಳಕು, ನೆರಳು, ಚೌಕಟ್ಟು, ಹಿನ್ನೆಲೆ, ಮಸುಕು ಮೊದಲಾದ ಪದಗಳು ನಾಲಗೆಗೆ ಒದಗಬೇಕು. ಆದುದರಿಂದ ಇದು ಚಿತ್ರದ ಪಾಠವಾಗಿರುವಷ್ಟೇ ಕನ್ನಡದ ಪಾಠವೂ ಹೌದು.

ಕಾಸರಗೋಡಿನ ಒಂಬತ್ತನೆಯ ತರಗತಿಯೊಂದನ್ನು ಊಹಿಸಿಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಯಕ್ಷಗಾನದ ಚೌಕಿಯಲ್ಲಿ ಮೊಬೈಲಿನಿಂದ ತೆಗೆದ ಚಿತ್ರವನ್ನು ತಂದಿದ್ದಾಳೆ. ವೇಷಧಾರಿಯೊಬ್ಬರು ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿದ್ದಾರೆ. ಕಣ್ಣುಗಳು ಸ್ಫುಟವಾಗಿವೆ, ಕಡ್ಡಿ ಹಿಡಿದ ಬೆರಳುಗಳು ಮಸುಕಾಗಿವೆ. ಹಿಂದಿನ ಗೋಡೆಯ ಟ್ಯೂಬ್‌ಲೈಟು ಅವರ ತಲೆಯಿಂದಲೇ ಹೊರಟ ಕೋಲಿನಂತೆ ಕಾಣುತ್ತಿದೆ.

ಮೊದಲ ಐದು ನಿಮಿಷ ಯಾರೂ ತೀರ್ಪು ಕೊಡಬಾರದು; ಪ್ರತಿಯೊಬ್ಬರೂ ಕಂಡ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ಚಿತ್ರ ತೆಗೆದವಳು ಮೌನವಾಗಿ ಕೇಳಬೇಕು. ಇದು ಅವಳಿಗೆ ಕಷ್ಟದ ಕೆಲಸವೇ ಸರಿ. ಚೌಕಿಯಲ್ಲಿ ನಿಲ್ಲಲು ಜಾಗವಿರಲಿಲ್ಲ ಎಂಬ ಸಮಜಾಯಿಷಿ ಬಾಯಿಯವರೆಗೆ ಬಂದಿರುತ್ತದೆ. ಆದರೆ ಚಿತ್ರದ ಜೊತೆಯಲ್ಲಿ ಆ ಸಮಜಾಯಿಷಿ ಊರೂರಿಗೆ ಹೋಗುವುದಿಲ್ಲ.

ಬಳಿಕ ದೋಷದ ಮಾತು. "ನಿನಗೆ ಚಿತ್ರ ತೆಗೆಯಲು ಬರುವುದಿಲ್ಲ" ಎಂಬುದು ವ್ಯಕ್ತಿಯನ್ನು ಕುರಿತದ್ದು. "ಹಿಂದಿನ ದೀಪ ಮುಖಕ್ಕಿಂತ ಮೊದಲು ಕಣ್ಣನ್ನು ಸೆಳೆಯುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಅದು ತಪ್ಪುತ್ತಿತ್ತು" ಎಂಬುದು ಚಿತ್ರವನ್ನು ಕುರಿತದ್ದು. ಮಗು ನೊಂದೀತೆಂದು ಅಧ್ಯಾಪಕರು ಈ ಮಾತನ್ನು ಹೊಗಳಿಕೆಯಲ್ಲಿ ಮುಳುಗಿಸಿಬಿಡುವುದುಂಟು. ಆಗ ಮಗುವಿಗೆ ಹೊಗಳಿಕೆ ಮಾತ್ರ ಕೇಳಿಸುತ್ತದೆ, ದೀಪ ಮುಂದಿನ ಚಿತ್ರದಲ್ಲಿಯೂ ತಲೆಯ ಮೇಲೆಯೇ ನಿಲ್ಲುತ್ತದೆ.

ಬೆರಳುಗಳ ವಿಚಾರ ಇಷ್ಟು ಸರಳವಲ್ಲ. ಬೆಳಕು ಕಡಿಮೆಯಿರುವಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಚಲಿಸಿದುದು ಮಸುಕಾಗುತ್ತದೆ. ಕಾರಣ ತಿಳಿಯಿತು, ಆದರೆ ಅದು ದೋಷವೇ? ಒಬ್ಬನಿಗೆ ಅದು ಅಜಾಗರೂಕತೆಯಾಗಿ ಕಂಡರೆ ಇನ್ನೊಬ್ಬಳಿಗೆ ಬಣ್ಣ ಬರೆಯುವ ಕೈಯ ಚಲನೆಯಾಗಿ ಕಾಣಬಹುದು. ಇಬ್ಬರೂ ಚಿತ್ರದಿಂದಲೇ ಕಾರಣ ಕೊಡಲಿ; ಅಧ್ಯಾಪಕರು ಇತ್ಯರ್ಥಕ್ಕೆ ಅವಸರಿಸಬೇಕಾಗಿಲ್ಲ.

ಹೆಸರಾಂತ ಚಿತ್ರಗಳೂ ಇಂಥ ಭಿನ್ನಾಭಿಪ್ರಾಯದಿಂದ ಹೊರತಲ್ಲ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಅವರು ತೆಗೆದ, 'ವಲಸೆ ತಾಯಿ' ಎಂದು ಪ್ರಸಿದ್ಧವಾದ ಚಿತ್ರದ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಕಾಣುತ್ತಿತ್ತು. ಲ್ಯಾಂಗ್ ಅದನ್ನು ದೋಷವೆಂದು ಬಗೆದು ಮುಂದೆ ನೆಗೆಟಿವಿನಲ್ಲಿ ಮರೆಮಾಡಿಸಿದರು. ಅವರು ದುಡಿಯುತ್ತಿದ್ದ ಸರಕಾರಿ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅವರಿಗೆ ಇದು ಹಿಡಿಸಲಿಲ್ಲ. ದಾಖಲೆಯ ಚಿತ್ರದಲ್ಲಿ ಇದ್ದುದನ್ನು ಅಳಿಸಬಹುದೇ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬಹುದು. ಚಿತ್ರದಲ್ಲಿದ್ದ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅವರು 1978ರಲ್ಲಿ, ಆ ಚಿತ್ರದಿಂದ ತನಗೇನೂ ದೊರೆಯಲಿಲ್ಲವೆಂದು ಬೇಸರ ತೋಡಿಕೊಂಡರು. ಇದು ಬೆಳಕು ಚೌಕಟ್ಟುಗಳ ಆಚೆಯ ವಿಮರ್ಶೆ. ಅರ್ಧ ಬಣ್ಣದ ಮುಖವನ್ನು ತೋರಿಸಲು ಚೌಕಿಯ ಕಲಾವಿದರ ಒಪ್ಪಿಗೆ ಪಡೆಯಲಾಗಿತ್ತೇ ಎಂಬುದನ್ನೂ ತರಗತಿಯಲ್ಲಿ ಕೇಳಲೇಬೇಕು.

ಕೊನೆಗೆ ಚಿತ್ರ ತೆಗೆದವಳ ಸರದಿ. ಯಾವ ಮಾತನ್ನು ಒಪ್ಪುತ್ತಾಳೆ, ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಅವಳು ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ಈ ಚಟುವಟಿಕೆಯ ಮೊದಲ ದಿನ ಮಾತ್ರ ಮಕ್ಕಳ ಚಿತ್ರ ಬೇಡ. ಅಧ್ಯಾಪಕರು ತಾವೇ ತೆಗೆದ, ಕುಂದಿರುವ ಚಿತ್ರವೊಂದನ್ನು ಗೋಡೆಗೆ ಅಂಟಿಸಿ, ಮಕ್ಕಳು ಮಾತಾಡುವಷ್ಟು ಹೊತ್ತು ತಾವು ಸುಮ್ಮನಿದ್ದು ಕೇಳುವುದು ಒಳ್ಳೆಯದು.