‘ಸೂಪರ್’ ಅನ್ನುವ ಮೊದಲು

ಆಕ್ಲೆಂಡಿನ ಒನೆಹುಂಗಾದಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ನಮ್ಮ ಮಕ್ಕಳಿಗೆ ಒಂದು ಮಾತು. 2022ರಲ್ಲಿ ತೆರೆದ ಙಾ ಹೌ ಮಾಂಗೆರೆ ಸೇತುವೆಯ ಫೋಟೋವನ್ನು ಗೆಳೆಯ ತಂದು ತೋರಿಸುತ್ತಾನೆ. ನೀವು ‘ಸೂಪರ್’ ಅಂದು ಮುಂದಕ್ಕೆ ಹೋಗುತ್ತೀರಿ. ಪಾಪ, ಅವನಿಗೆ ಸಿಕ್ಕಿದ್ದೇನು?

ಅದಕ್ಕೇ, ಒಂದು ನಿಮಿಷ ನಿಂತು ನೋಡಿ. ಮನುಕೌ ಕೊಲ್ಲಿಯ ನೀರಿನ ಗೆರೆ ಎಡಕ್ಕೆ ವಾಲಿದೆಯೇ? ಕಮಾನಿನ ನೆತ್ತಿಯಲ್ಲಿ ಬಿಸಿಲು ಹೆಚ್ಚಾಗಿ ವಿವರವೆಲ್ಲ ಬಿಳಿಚಿಕೊಂಡಿದೆಯೇ? ಬೆರಳಿಟ್ಟು ತೋರಿಸಿ. ಅದಕ್ಕೂ ಮೊದಲು, ‘ಇದರಲ್ಲಿ ನೀನು ಏನು ತೋರಿಸಬೇಕೆಂದಿದ್ದೆ?’ ಎಂದು ಕೇಳಿ. ಅವನು ಇಳಿತದ ಕೆಸರಿನ ಹೊಳಪನ್ನು ಹಿಡಿಯಲು ಹೋಗಿದ್ದರೆ, ಸೇತುವೆ ಅರ್ಧ ಕತ್ತರಿಸಿಹೋಗಿದೆ ಎಂದು ಆಕ್ಷೇಪಿಸುವುದು ಅನ್ಯಾಯ. ‘ನಾನಾಗಿದ್ದರೆ ಹೀಗೆ ತೆಗೀತಿದ್ದೆ’ ಅನ್ನಬೇಡಿ, ಚಿತ್ರ ಅವನದು. ಹೊಸಬರ ದೊಡ್ಡ ತಪ್ಪನ್ನು ಎಲ್ಲರೆದುರು ಎತ್ತಬೇಡಿ, ಪಕ್ಕಕ್ಕೆ ಕರೆದು ಹೇಳಿ. ನಾಲ್ಕು ಜನರ ಮುಂದೆ ಮುಖ ಸಣ್ಣದಾದರೆ ಕೆಲವರು ಕ್ಯಾಮೆರಾ ಚೀಲ ಮತ್ತೆ ಬಿಚ್ಚುವುದೇ ಇಲ್ಲ.

ನಿಮ್ಮ ಚಿತ್ರದ ಸರದಿ ಬಂದಾಗ ‘ಲೆನ್ಸ್ ಸರಿ ಇರಲಿಲ್ಲ, ಗಾಳಿ ಜೋರಿತ್ತು’ ಎಂದು ವಾದಕ್ಕಿಳಿಯಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ, ಬರೆದಿಟ್ಟುಕೊಳ್ಳಿ. ಮುಂದಿನ ವಾರ ಉಬ್ಬರವಿಳಿತದ ವೇಳೆ ನೋಡಿಕೊಂಡು ಅದೇ ಜಾಗಕ್ಕೆ ಹೋಗಿ ಇನ್ನೊಮ್ಮೆ ತೆಗೆಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಲಹೆ ಕೊಟ್ಟ ಗೆಳೆಯನಿಗೆ ತೋರಿಸಿ.