ತಿಗಣೆ ಜೊತೆ ಒಂದು ಸೆಮಿಸ್ಟರ್

ಥರ್ಡ್ ಸೆಮ್ ಫಸ್ಟ್ ಇಂಟರ್ನಲ್ಸ್‌ಗೆ ನಾಲ್ಕು ದಿನ ಇದ್ದಾಗ ನಮ್ಮ ರೂಮಲ್ಲಿ ಒಬ್ಬನ ಕೈ ಮೇಲೆ ಕೆಂಪು ಗುಳ್ಳೆಗಳು ಎದ್ದವು. ಒಂದರ ಪಕ್ಕ ಒಂದು, ಸಾಲಾಗಿ. ಸೊಳ್ಳೆ ಅಂದ್ಕೊಂಡು ಕಾಯಿಲ್ ಹಚ್ಚಿ ಮಲಗಿದ್ವಿ. ಮಾರನೇ ದಿನ ಕುತ್ತಿಗೆ ಮೇಲೂ ಬಂತು. ಆಮೇಲೆ ಬೆಡ್‌ಶೀಟ್ ಮೇಲೆ ಪೆನ್ ಇಂಕ್ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕಿ ಕಂಡ್ವು. ಒದ್ದೆ ಬಟ್ಟೆಯಲ್ಲಿ ಉಜ್ಜಿದ್ರೆ ಕೆಂಪು-ಕಂದು ಬಣ್ಣ ಬಿಡ್ತು. ಅದು ಜೀರ್ಣವಾದ ರಕ್ತ, ಅಂದ್ರೆ ತಿಗಣೆಯ ಹಿಕ್ಕೆ.

ನಾವು ಮಾಡಿದ ಮೊದಲ ತಪ್ಪು, ಗುಳ್ಳೆ ಎದ್ದವನನ್ನೇ ಬೈದಿದ್ದು. "ನೀನೇ ಎಲ್ಲಿಂದಲೋ ತಂದಿದ್ದೀಯ ಮಗಾ" ಅಂತ ಒಂದು ವಾರ ಅವನ ಮಂಚದ ಹತ್ತಿರ ಕೂರ್ತಾನೇ ಇರಲಿಲ್ಲ. ನಮ್ಮ ಹುಬ್ಬಳ್ಳಿ ಗೆಳೆಯ ಎದೆ ತಟ್ಕೊಂಡು ಹೇಳಿದ: "ಏ, ನನಗ ಒಂದೂ ಕಡದಿಲ್ಲಪಾ. ನನ್ನ ಮಂಚದಾಗ ತಗಣಿ ಇಲ್ಲ." ಕೊನೆಗೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಹುಡುಕಿದಾಗ ದೊಡ್ಡ ಗೂಡು ಸಿಕ್ಕಿದ್ದು ಅವನ ಹಾಸಿಗೆಯ ಹೊಲಿಗೆಯಲ್ಲೇ. ತಿಗಣೆ ಕಚ್ಚಿದಾಗ ಗುಳ್ಳೆ ಏಳೋದು ಅದರ ಜೊಲ್ಲಿಗೆ ನಮ್ಮ ಮೈ ತೋರಿಸೋ ಅಲರ್ಜಿ. ಕೆಲವರ ಮೈ ಏನೂ ತೋರಿಸೋದೇ ಇಲ್ಲ. ಹಾಗಾಗಿ ಯಾರಿಗೆ ಗುಳ್ಳೆ ಇದೆ ಅಂತ ನೋಡಿ ತಿಗಣೆ ಎಲ್ಲಿದೆ ಅಂತ ಹೇಳೋಕೆ ಆಗಲ್ಲ.

ಆ ಹಾಸಿಗೆ ಪಾಸೌಟ್ ಆದ ಸೀನಿಯರ್ ಹತ್ತಿರ ಮುನ್ನೂರು ರೂಪಾಯಿಗೆ ತಗೊಂಡಿದ್ದು. ತಿಗಣೆ ಹಾರಲ್ಲ, ಜಿಗಿಯಲ್ಲ, ಬರೀ ನಡೆಯುತ್ತೆ. ಒಂದು ಊರಿಂದ ಇನ್ನೊಂದು ಊರಿಗೆ ಅದನ್ನ ಹೊತ್ಕೊಂಡು ಹೋಗೋರು ನಾವೇ. ಸೆಕೆಂಡ್ ಹ್ಯಾಂಡ್ ಹಾಸಿಗೆ, ಹಳೇ ಕುರ್ಚಿ, ಲಾಡ್ಜ್‌ನ ಮಂಚದ ಮೇಲಿಟ್ಟ ಬ್ಯಾಗು, ಸ್ಲೀಪರ್ ಬಸ್ಸಿನ ಸೀಟು, ಇವೆಲ್ಲ ಅದರ ವಾಹನ. ರೂಮ್ ಗಲೀಜಿದ್ರೆ ತಿಗಣೆ ಬರುತ್ತೆ ಅನ್ನೋದು ಪೂರ್ತಿ ನಿಜ ಅಲ್ಲ. ಅದಕ್ಕೆ ಬೇಕಾಗಿರೋದು ಕಸ ಅಲ್ಲ, ರಕ್ತ. ಆದ್ರೆ ನಮ್ಮ ರೂಮ್ ಥರ ಮಂಚದ ಕೆಳಗೆ ರೆಕಾರ್ಡ್ ಬುಕ್ಕು, ರಟ್ಟಿನ ಡಬ್ಬ ತುಂಬಿದ್ರೆ ಅಡಗೋಕೆ ಜಾಗ ಜಾಸ್ತಿ ಸಿಗುತ್ತೆ, ಅದು ಒಪ್ಪಬೇಕು.

ಈಗ ಸ್ವಲ್ಪ ಬಯಾಲಜಿ (ಪಿಯುಸಿ ಆದ ಮೇಲೆ ಇದೇ ಮೊದಲು). ಮನುಷ್ಯರನ್ನ ಕಾಡೋ ತಿಗಣೆಗಳಲ್ಲಿ ಮುಖ್ಯವಾದವು ಎರಡು: ತಂಪು ದೇಶಗಳ ಸೈಮೆಕ್ಸ್ ಲೆಕ್ಟುಲೇರಿಯಸ್, ನಮ್ಮಂಥ ಬಿಸಿ ಪ್ರದೇಶಗಳ ಸೈಮೆಕ್ಸ್ ಹೆಮಿಪ್ಟೆರಸ್. ದೊಡ್ಡದಾದ್ರೂ ಉದ್ದ 5 ಮಿಲಿಮೀಟರ್ ಅಷ್ಟೇ, ಹಸಿದಾಗ ಕಾಗದದ ಥರ ಚಪ್ಪಟೆ. ಎಟಿಎಂ ಕಾರ್ಡ್ ತೂರೋ ಸಂದಿಯಲ್ಲಿ ಸಂಸಾರ ಮಾಡುತ್ತೆ. ನಾವು ಬಿಡೋ ಕಾರ್ಬನ್ ಡೈಆಕ್ಸೈಡ್, ಮೈ ಬಿಸಿ ಹಿಡ್ಕೊಂಡು ರಾತ್ರಿ ಬಂದು, ಐದ್ಹತ್ತು ನಿಮಿಷ ಕುಡಿದು ವಾಪಸ್ ಹೋಗುತ್ತೆ. ಹೆಣ್ಣು ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತೆ. ಮೊಟ್ಟೆ 1 ಮಿಲಿಮೀಟರ್, ಬಿಳಿ, ಗೋಂದು ಹಾಕಿದ ಹಾಗೆ ಅಂಟಿಕೊಂಡಿರುತ್ತೆ, ಸುಮಾರು 6ರಿಂದ 10 ದಿನದಲ್ಲಿ ಒಡೆಯುತ್ತೆ. ಮರಿ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಮೊದಲು ಒಮ್ಮೆ ರಕ್ತ ಕುಡೀಲೇಬೇಕು. ಊಟ ಇಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತೆ. ಸೆಮ್ ರಜೆಗೆ ರೂಮ್ ಬೀಗ ಹಾಕಿದ್ರೆ ಸತ್ತು ಹೋಗುತ್ತೆ ಅನ್ನೋ ಪ್ಲ್ಯಾನ್ ಅಲ್ಲಿಗೆ ಫೇಲ್. ಒಂದೇ ಸಮಾಧಾನ, ಇದರಿಂದ ಮನುಷ್ಯರಿಗೆ ಕಾಯಿಲೆ ಹರಡೋದು ಸಾಬೀತಾಗಿಲ್ಲ. ನಿದ್ದೆ ಹೋಗೋದಂತೂ ಗ್ಯಾರಂಟಿ.

ಎರಡನೇ ತಪ್ಪು, ಜಿರಳೆ ಸ್ಪ್ರೇ. ಒಂದು ಇಡೀ ಡಬ್ಬ ಹೊಡೆದ್ವಿ. ಅದರಲ್ಲಿರೋದು ಪೈರೆಥ್ರಾಯ್ಡ್ ಜಾತಿಯ ವಿಷ. ತಿಗಣೆಗಳು ಹಿಂದೆ ಡಿಡಿಟಿಗೆ ಒಗ್ಗಿಕೊಂಡ ಹಾಗೆ ಈಗ ಬಹಳ ಕಡೆ ಇದಕ್ಕೂ ಒಗ್ಗಿಕೊಂಡಿವೆ. ನಮ್ಮಲ್ಲಿ ಕೆಲವು ಸತ್ತವು, ಉಳಿದವು ಸ್ವಿಚ್‌ಬೋರ್ಡ್ ಹಿಂದಕ್ಕೆ, ಗೋಡೆ ಬಿರುಕಿಗೆ ಚೆದುರಿಹೋದವು.

ಮೂರನೇ ತಪ್ಪು ಮಾಡೋದು ಸ್ವಲ್ಪದರಲ್ಲಿ ತಪ್ಪಿತು. ಇದಕ್ಕೋಸ್ಕರವೇ ಈ ಲೇಖನ ಬರೀತಿದ್ದೀವಿ. ಪಕ್ಕದ ರೂಮಿನವರು "ತಿಗಣೆ ಮಾತ್ರೆ ಗುರು, ಒಂದೊಂದು ಮಂಚದ ಕೆಳಗೆ ಒಂದೊಂದು ಇಟ್ಟು ಮಲ್ಕೊಳ್ಳಿ" ಅಂತ ಮೂರು ಮಾತ್ರೆ ತಂದುಕೊಟ್ರು. ಲೇಬಲ್ ಓದಿದ್ವಿ: ಅಲ್ಯೂಮಿನಿಯಂ ಫಾಸ್ಫೈಡ್. ಇದು ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಬೀಳದ ಹಾಗೆ ಬಳಸೋ ಮಾತ್ರೆ. ಗಾಳಿಯ ತೇವ ತಾಗಿದ್ರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತೆ. 3 ಗ್ರಾಂ ಮಾತ್ರೆಯಿಂದ ಸುಮಾರು 1 ಗ್ರಾಂ ಫಾಸ್ಫೀನ್. ನಮ್ಮ ರೂಮು 12 ಅಡಿ, 10 ಅಡಿ, ಎತ್ತರ 10 ಅಡಿ, ಅಂದ್ರೆ 34 ಘನ ಮೀಟರ್. ಫಸ್ಟ್ ಇಯರ್ ಕೆಮಿಸ್ಟ್ರಿ ಮೊದಲ ಸಲ ಉಪಯೋಗಕ್ಕೆ ಬಂತು: ಬಾಗಿಲು ಮುಚ್ಚಿದ ರೂಮಲ್ಲಿ ಒಂದು ಮಾತ್ರೆಗೆ ಸುಮಾರು 21 ಪಿಪಿಎಂ, ಮೂರಕ್ಕೆ 63. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ಒಪ್ಪೋ ಮಿತಿ 0.3 ಪಿಪಿಎಂ. ಜೀವಕ್ಕೆ ತಕ್ಷಣ ಅಪಾಯ ಅಂತ ಪರಿಗಣಿಸೋದು 50ಕ್ಕೆ. ನಾವು ಅದರಲ್ಲಿ ರಾತ್ರಿಯೆಲ್ಲಾ ಮಲಗೋರಿದ್ವಿ.

ಫಾಸ್ಫೀನ್ ಹೃದಯಕ್ಕೆ, ಶ್ವಾಸಕೋಶಕ್ಕೆ ಹೊಡೆಯುತ್ತೆ. ಇದಕ್ಕೆ ಪ್ರತಿವಿಷ ಇಲ್ಲ. ಬಾಗಿಲ ಸಂದಿ, ಕಿಟಕಿಯಿಂದ ಪಕ್ಕದ ರೂಮಿಗೂ ಹೋಗುತ್ತೆ, ಅಂದ್ರೆ ನಾವು ಇಟ್ಟ ಮಾತ್ರೆಗೆ ಇನ್ಯಾರೋ ಸಾಯಬಹುದು. ನಮ್ಮ ದೇಶದಲ್ಲಿ ಇದನ್ನ ಸಾಮಾನ್ಯ ಜನಕ್ಕೆ ಮಾರೋ ಹಾಗೇ ಇಲ್ಲ. ಆದ್ರೂ ಸಿಗ್ತಿದೆ. ಯಾರ ಹತ್ತಿರವಾದ್ರೂ ಇದ್ರೆ ಬಿಚ್ಚಬೇಡಿ, ನೀರಿಗೆ ಹಾಕಬೇಡಿ, ಟಾಯ್ಲೆಟ್‌ಗೂ ಎಸೀಬೇಡಿ. ವಾರ್ಡನ್‌ಗೆ ಹೇಳಿ ತಿಳಿದವರ ಕೈಗೆ ಕೊಡಿ. ಮಾತ್ರೆ ಇಟ್ಟ ರೂಮಲ್ಲಿ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ, ವಾಂತಿ, ಎದೆನೋವು, ಉಸಿರುಕಟ್ಟೋದು ಆದ್ರೆ ಎಲ್ಲರೂ ಹೊರಗೆ ಬಂದು ಸೀದಾ ಆಸ್ಪತ್ರೆಗೆ ಹೋಗಿ, ಏನು ಇಟ್ಟಿದ್ವಿ ಅಂತ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯೋ ಐಡಿಯಾನೂ ಬೇಡ, ಬೆಂಕಿ ಹತ್ತುತ್ತೆ.

ಆ ರಾತ್ರಿ ನಾಚಿಕೆ ಬಿಟ್ಟು ವಾರ್ಡನ್ ಸರ್ ಹತ್ತಿರ ಹೋದ್ವಿ. ಮಾತ್ರೆ ಕೊಟ್ವಿ, ಬೈಸ್ಕೊಂಡ್ವಿ. ಆಮೇಲೆ ಅವರೇ ಮೆಸ್‌ಗೆ ಹೇಳಿ ಬಿಸಿನೀರಿನ ವ್ಯವಸ್ಥೆ ಮಾಡಿಸಿದ್ರು.

ಕೊನೆಗೂ ಕೆಲಸಕ್ಕೆ ಬಂದಿದ್ದು ನಮ್ಮ ಅಜ್ಜಿಯಂದಿರ ವಿಧಾನ: ಬಿಸಿ. ಸುಮಾರು 50 ಡಿಗ್ರಿ ಶಾಖ ಒಂದೂವರೆ ಗಂಟೆ ಒಳಗಿನವರೆಗೂ ಮುಟ್ಟಿದ್ರೆ ತಿಗಣೆ, ಮೊಟ್ಟೆ ಎರಡೂ ಸಾಯುತ್ತವೆ. ಕುದಿಯೋ ನೀರಿಗೆ ಅಷ್ಟು ಹೊತ್ತೂ ಬೇಡ. ಕಬ್ಬಿಣದ ಮಂಚಗಳನ್ನ ಹೊರಗೆ ಹೊತ್ಕೊಂಡು ಹೋಗಿ, ಪೈಪಿನ ತುದಿ, ಬೋಲ್ಟಿನ ತೂತು, ಬೆಸುಗೆ ಸಂದಿಗಳಿಗೆ ಮೆಸ್ ಅಣ್ಣ ಕೊಟ್ಟ ಕುದಿಯೋ ನೀರು ಹುಯ್ದ್ವಿ. ಬಟ್ಟೆ, ಬೆಡ್‌ಶೀಟ್, ಪರದೆ ಎಲ್ಲ ಬಿಸಿನೀರಲ್ಲಿ ನೆನೆಸಿ, ಒಣಗಿದ ಮೇಲೆ ಹೊಲಿಗೆ ಹೊಲಿಗೆಗೂ ಇಸ್ತ್ರಿ. ಹಾಸಿಗೆಯನ್ನ ಬರೀ ಬಿಸಿಲಿಗೆ ಹಾಕಿದ್ರೆ ಸಾಲದು, ತಿಗಣೆ ತಂಪಿರೋ ಕೆಳಮಗ್ಗುಲಿಗೆ ಜಾರಿಕೊಳ್ಳುತ್ತೆ. ಹಳೇ ಲೈಬ್ರರಿ ಕಾರ್ಡಲ್ಲಿ ಹೊಲಿಗೆ ಕೆರೆದು, ಉದುರಿದ್ದನ್ನ ಸೋಪಿನ ನೀರಿಗೆ ಹಾಕಿ, ಜಿಪ್ ಇರೋ ಕವರ್‌ನಲ್ಲಿ ಎರಡು ಹಾಸಿಗೆ ಮುಚ್ಚಿದ್ವಿ. ಮುನ್ನೂರು ರೂಪಾಯಿಯದನ್ನ ಮಾತ್ರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬೇರೆ ಯಾರೂ ಎತ್ಕೊಂಡು ಹೋಗದ ಹಾಗೆ ಕತ್ತರಿಸಿ, ಮೇಲೆ "ತಿಗಣೆ ಇದೆ" ಅಂತ ಬರೆದು ಎಸೆದ್ವಿ.

ಇದೆಲ್ಲ ಒಂದೇ ಸಲ ಮಾಡಿದ್ರೆ ಆಗಲ್ಲ. ತಪ್ಪಿಸಿಕೊಂಡ ಮೊಟ್ಟೆಗಳು ಒಡೆದ ಮೇಲೆ, ಮರಿಗಳು ದೊಡ್ಡದಾಗಿ ಮತ್ತೆ ಮೊಟ್ಟೆ ಇಡೋಕೆ ಮುಂಚೆ, ಇನ್ನೊಮ್ಮೆ ಮಾಡಬೇಕು. ನಾವು 12ನೇ ದಿನ ಮಾಡಿದ್ವಿ, 24ನೇ ದಿನ ಮತ್ತೆ. ಪೆಸ್ಟ್ ಕಂಟ್ರೋಲ್‌ನವರೂ ಎರಡು ಸಲ ಬಂದು ಎರಡೂ ಪಕ್ಕದ ರೂಮುಗಳಿಗೂ ಔಷಧಿ ಹೊಡೆದ್ರು. ಒಂದೇ ರೂಮಿಗೆ ಹೊಡೆದ್ರೆ ಅವು ಗೋಡೆ ದಾಟ್ತವೆ ಅಷ್ಟೇ.

ಹೋಗಿದೆಯಾ ಅಂತ ಗೊತ್ತಾಗೋದು ಹೇಗೆ? ಮಂಚದ ಪ್ರತಿ ಕಾಲಿಗೆ ಒಂದು ಬಟ್ಟಲು ಇಟ್ಟು, ಮಂಚವನ್ನ ಗೋಡೆಯಿಂದ ಒಂದು ಗೇಣು ದೂರ ಎಳೆದ್ವಿ, ಬೆಡ್‌ಶೀಟ್ ನೆಲಕ್ಕೆ ತಾಗದ ಹಾಗೆ ಮಡಚಿದ್ವಿ. ನುಣುಪಾದ ಬಟ್ಟಲನ್ನ ತಿಗಣೆ ಹತ್ತಲ್ಲ ಅಂತಾರೆ, ಆದ್ರೆ ನಮ್ಮ ಕಡೆಯ ಹೆಮಿಪ್ಟೆರಸ್ ಜಾತಿ ನುಣುಪಿನ ಮೇಲೂ ಹತ್ತಬಲ್ಲದು. ಅದಕ್ಕೆ ಬಟ್ಟಲಲ್ಲಿ ಸೋಪಿನ ನೀರು. ಮೊದಲ ವಾರ ಹನ್ನೊಂದು ಸಿಕ್ಕವು, ಎರಡನೇ ವಾರ ನಾಲ್ಕು, ಮೂರನೇ ವಾರ ಒಂದು ಮರಿ. ಆಮೇಲೆ ಎರಡು ತಿಂಗಳು ಬರೀ ಧೂಳು. ಗುಳ್ಳೆ ಎದ್ದಿದ್ದ ಗೆಳೆಯನಿಗೆ ಸಾರಿ ಕೇಳಿದ್ವಿ. ಅವನು ಒಪ್ಪಿಕೊಂಡ, ಆದ್ರೆ ಪ್ರತಿ ಭಾನುವಾರ ಬಟ್ಟಲು ತೊಳೆಯೋ ಕೆಲಸ ಇನ್ಮೇಲೆ ಹುಬ್ಬಳ್ಳಿಯವನದೇ ಅಂತ ಕಂಡೀಷನ್ ಹಾಕಿದ. ಫೋರ್ತ್ ಸೆಮ್‌ನಲ್ಲೂ ಅವನೇ ತೊಳೀತಿದ್ದಾನೆ.